ಕಾಯುವ ದಿಂಬು

ಮೂರು ಮಾಳಿಗೆ ಹತ್ತಿ, ನಾಲ್ಕನೆಯದಕ್ಕೆ ಉಸಿರು ಬಿಡುತ್ತಾ ಹತ್ತಿದರೆ ಉದ್ದನೆಯ ಪಡಸಾಲೆ, ಅದರ ತುದಿಗೆ ದೊಡ್ಡ ಕಿಟಕಿಯ ಕೋಣೆ. ಅಲ್ಲೊಬ್ಬ ಹುಡುಗಿ ಕೂತು ದಿಂಬು ಹೊಲಿಯುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದವರು ಹೊಲಿಗೆ ತರಗತಿ ಅಂದುಕೊಂಡರೆ ಅವರ ತಪ್ಪಲ್ಲ. ಆದರೆ ಅದು ಡಿಸೈನ್ ಕಾಲೇಜಿನ ಕೊನೆಯ ವರ್ಷದವರ ಸ್ಟುಡಿಯೋ. ಉಳಿದವರ ಮೇಜುಗಳ ಮೇಲೆಲ್ಲ ಪರದೆಗಳು ಮಿನುಗುತ್ತಿದ್ದವು. ಇವಳ ಮೇಜಿನ ಮೇಲೆ ಮಾತ್ರ ಹತ್ತಿಯ ಚೂರು, ಕತ್ತರಿ, ಕರೆಂಟು ಹರಿಯುವ ಬೆಳ್ಳಿ ಬಣ್ಣದ ನೂಲಿನ ಉಂಡೆ. ದಿಂಬಿನ ಹೊಟ್ಟೆಯೊಳಗೆ ಬಿಸ್ಕತ್ತಿನಷ್ಟಗಲದ ಒಂದು ಸರ್ಕ್ಯೂಟ್ ಬೋರ್ಡು, ಅದಕ್ಕೆ ಇನ್ನೂ ಕೆಲಸಕ್ಕೆ ಹಚ್ಚದ ಒಂದು ಮೈಕು, ಒಂದು ಸ್ಪೀಕರು. ದಿಂಬನ್ನು ಅಪ್ಪಿಕೊಂಡರೆ ಸಾಕು, ಅವಳ ಅಜ್ಜಿಯ ದನಿ ಕಥೆ ಹೇಳುತ್ತಿತ್ತು.

ಇಷ್ಟು ಮಾಡುವುದಕ್ಕೆ ಅವಳಿಗೆ ಆರು ತಿಂಗಳು ಹಿಡಿದಿತ್ತು. ಸೂಜಿಗೆ ನೂಲು ಪೋಣಿಸುತ್ತಾ ಕಿಟಕಿಯಾಚೆ ಮೋಡ ನೋಡುತ್ತಾ ಕೂತರೆ ಮೋಡ ಊರು ದಾಟಿ ಹೋಗುವವರೆಗೂ ನೂಲು ಬೆರಳಲ್ಲೇ ಇರುತ್ತಿತ್ತು. ಪಕ್ಕದ ಮೇಜಿನ ಗೆಳತಿ, ಸದಾ ಕಿವಿಯ ಹತ್ತಿರ ಗುಂಯ್‌ಗುಡುವವಳಾದ್ದರಿಂದ ಎಲ್ಲರೂ ಸೊಳ್ಳೆ ಎಂದೇ ಕರೆಯುತ್ತಿದ್ದವಳು, ದಿಂಬು ಮುಗಿಯುವ ಮೊದಲೇ ನೀನು ಮಲಗಿಬಿಟ್ಟೆಯಲ್ಲೇ ಎಂದು ದಿನಕ್ಕೆರಡು ಸಲ ಚುಚ್ಚುತ್ತಿದ್ದಳು.

ಸೋಮವಾರ ಗೈಡ್ ಮೇಡಂ ಬಂದು ದಿಂಬನ್ನು ತೊಡೆಯ ಮೇಲಿಟ್ಟುಕೊಂಡರು. ಕಥೆ ಶುರುವಾಯಿತು. ಬಿಟ್ಟರು, ನಿಂತಿತು. ಮತ್ತೆ ಒತ್ತಿದರು, ಮತ್ತೆ ಶುರು.

"ಒತ್ತಿದ್ರೆ ಹೇಳುತ್ತೆ, ಬಿಟ್ರೆ ಸುಮ್ಮನಾಗುತ್ತೆ. ಇದಕ್ಕೂ ರೇಡಿಯೋಗೂ ಏನಮ್ಮ ವ್ಯತ್ಯಾಸ? ನಿನ್ನ ಪ್ರಾಜೆಕ್ಟಿನ ಹೆಸರಲ್ಲೇ ಸಂವಾದ ಅಂತಿದೆ. ಮಾತಿಗೆ ಮಾತು ಎಲ್ಲಿ?"

ಗುರುವಾರ ಕೊನೆಯ ಪರೀಕ್ಷೆ. ಹೀಗೇ ತಂದರೆ ತಾನು ಪಾಸು ಮಾಡಲಾರೆ, ಇನ್ನೊಂದು ವರ್ಷ ಕೂರಬೇಕಾಗುತ್ತದೆ ಎಂದು ಮೇಡಂ ಮುಚ್ಚುಮರೆ ಇಲ್ಲದೆ ಹೇಳಿ ಹೋದರು. ಹುಡುಗಿ ಆ ಮಧ್ಯಾಹ್ನ ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಮೆಲ್ಲಗೆ ಒತ್ತಿದಾಗಲೆಲ್ಲ ಕಂಕುಳಲ್ಲೇ ಅಜ್ಜಿ ಎರಡು ಮಾತಾಡಿ ಸುಮ್ಮನಾಗುತ್ತಿದ್ದಳು.

ನಿಜವಾದ ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮೊಮ್ಮಗಳ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಅಂತ ಅರ್ಥವಾಗಿ, ಏನೂ ಕೇಳದೆ ದಿಂಬಿಗಾಗಿ ಕೈ ಚಾಚಿದಳು. ನೆರಳು ಹೊಲಿಯುವ ದರ್ಜಿಯ ಕಥೆ ಅದು. ಸವೆದ ನೆರಳಿಗೆ ತೇಪೆ ಹಾಕುವವನು, ಹರಿದ ನೆರಳಿಗೆ ಅಂಚು ಕಟ್ಟುವವನು. ಅಜ್ಜಿ ಕಿವಿಗೊಟ್ಟು ಸ್ವಲ್ಪ ಹೊತ್ತು ಕೇಳಿ, ಮೂಗು ಮುರಿದಳು.

"ಈ ಮುದುಕಿ ಯಾರ ಹತ್ರ ಮಾತಾಡ್ತಿದಾಳೆ?"

"ನೀನೇ ಅಲ್ವಾ ಅಜ್ಜಿ ಅದು."

"ದನಿ ನಂದೇ. ಆದ್ರೆ ನಾನು ಗೋಡೆಗೆ ಯಾವತ್ತೂ ಕಥೆ ಹೇಳಿಲ್ಲ ಕೂಸೇ. ನೀನೆಲ್ಲಿ ಹೋದೆ ಇದ್ರಲ್ಲಿ?"

ಹುಡುಗಿ ಪೆಚ್ಚಾದಳು. ಮೂರು ಮಧ್ಯಾಹ್ನ ಅವಳು ಅಜ್ಜಿಯ ಕಾಲ ಬಳಿ ಕೂತು ಅದೇ ಕಥೆಯನ್ನು ಮೂರು ಸಲ ರೆಕಾರ್ಡು ಮಾಡಿಕೊಂಡಿದ್ದಳು. ಚಿಕ್ಕಂದಿನ ಅಭ್ಯಾಸ, ಅಜ್ಜಿ ಒಂದು ಮಾತು ಮುಗಿಸಿದರೆ ಇವಳ ಬಾಯಿಂದ ತಾನಾಗಿ ಒಂದು "ಹೂಂ" ಬೀಳುತ್ತಿತ್ತು; ಕೊನೆ ಬರುವ ಮೊದಲೇ ಇವಳಿಗೆ ಜೊಂಪು ಹತ್ತಿದರೆ ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೊಂದೇ ಹೂಂ ಆರಿಸಿ ತೆಗೆದು "ಕಸ" ಎಂಬ ಫೋಲ್ಡರಿಗೆ ಹಾಕಿದ್ದಳು. ನಡುವಿನ ಮೌನವನ್ನೂ ಕತ್ತರಿಸಿ ಅಂಟಿಸಿದ್ದಳು. ಮೂರರಲ್ಲಿ ಚೆನ್ನಾಗಿರುವ ಒಂದನ್ನಿಟ್ಟುಕೊಂಡು, ಅಜ್ಜಿ ಅಲ್ಲಲ್ಲಿ ಕಥೆ ಬದಲಿಸಿದ್ದ ಉಳಿದೆರಡನ್ನೂ ತಪ್ಪು ಎಂದು ಅದೇ ಕಸಕ್ಕೆ ಸೇರಿಸಿದ್ದಳು.

ಅಜ್ಜಿಯ ಪಕ್ಕದಲ್ಲೇ ಕೂತು ಆ ಕಸದ ಫೋಲ್ಡರು ತೆರೆದಳು. ತನ್ನದೇ ಹೂಂಗಳು ಒಂದರ ಹಿಂದೊಂದು ಬಂದವು. ಕಣ್ಣರಳಿಸಿದ ಹೂಂ, ಹೆದರಿದ ಹೂಂ, ಮನಸ್ಸೆಲ್ಲೋ ಇಟ್ಟು ಬಾಯಿಮಾತಿಗೆ ಅಂದ ಹೂಂ, ನಿದ್ದೆಯ ಹೊಸ್ತಿಲಲ್ಲಿ ಮುಗ್ಗರಿಸಿದ ಹೂಂ. ಕೇಳುತ್ತಾ ಕೇಳುತ್ತಾ ಅವಳಿಗೆ ಮನೆಯ ಗೋಡೆಗಳು ದೂರ ಸರಿದಂತೆ, ತಾನು ಐದು ವರ್ಷದವಳಾಗಿ ಯಾರದೋ ನೆರಳಿನ ಮಡಿಲಲ್ಲಿ ಮಲಗಿರುವಂತೆ ಅನ್ನಿಸಿತು.

"ಅಜ್ಜಿ, ಮೂರು ಸಲವೂ ದರ್ಜಿ ಬಾಗಿಲು ತೆಗೆದಾಗ ಬೇರೆ ಬೇರೆ ಯಾಕೆ ಹೇಳಿದೆ?"

"ನೀನು ಬೇರೆ ಬೇರೆ ಥರ ಹೂಂ ಅಂದೆ, ಅದಕ್ಕೆ." ಅಜ್ಜಿ ಅಂಗಿಯ ತೋಳು ಮಡಚಿದಳು. "ಗಟ್ಟಿಯಾಗಿ ಅಂದ್ರೆ ಬಾಗಿಲಲ್ಲಿ ಹುಲಿ ನಿಲ್ಲಿಸ್ತೀನಿ. ಸಣ್ಣಗೆ ಅಂದ್ರೆ ದರ್ಜಿಗೂ ಹಾಸಿಗೆ ಹಾಸ್ತೀನಿ."

"ಏನೂ ಅನ್ನದಿದ್ರೆ?"

"ಕಾಯ್ತೀನಿ. ಹೂಂ ಅನ್ನು ಅಂತ ಮಾತ್ರ ಹೇಳ್ಕೊಡಲ್ಲ. ಕೇಳಿ ತಗೊಂಡ ಹೂಂ ಹೂಂ ಅಲ್ಲ."

ಮುಂದಿನ ಎರಡು ದಿನ ಹುಡುಗಿ ಮೋಡ ನೋಡಲಿಲ್ಲ. ದಿಂಬಿನ ಹೊಲಿಗೆ ಬಿಚ್ಚಿ ಕರುಳು ಹೊರಗೆಳೆದಳು. ಕತ್ತರಿಸಿದ್ದ ಮೌನಗಳನ್ನೆಲ್ಲ ವಾಪಸ್ಸು ತಂದಳು. ಪ್ರತಿ ನಿಲುಗಡೆಯಲ್ಲಿ ಮೈಕು ಕಿವಿ ತೆರೆಯಬೇಕು. ದನಿ ಜೋರಿದ್ದರೆ ಹುಲಿಯ ದಾರಿ, ಮೆತ್ತಗಿದ್ದರೆ ಹಾಸಿಗೆಯ ದಾರಿ, ಎರಡರ ನಡುವಿದ್ದರೆ ಮೂರನೆಯ ರೆಕಾರ್ಡಿನ ದಾರಿ, ದನಿಯೇ ಇಲ್ಲದಿದ್ದರೆ ಕಾಯುವುದು. ಸೊಳ್ಳೆ ತನ್ನ ಕೆಲಸ ಬದಿಗಿಟ್ಟು ಬೆಸುಗೆ ಹಾಕಿಕೊಟ್ಟಳು, ನೂರಾರು ಸಲ ಹೂಂ ಅಂದು ಪರೀಕ್ಷಿಸಿದಳು. ಹಾಸಿಗೆಯ ದಾರಿ ಪರೀಕ್ಷಿಸುವಾಗ ನಿಜಕ್ಕೂ ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು. ಆ ಗೊರಕೆಯನ್ನು ದಿಂಬು ಜೋರು ಹೂಂ ಅಂದುಕೊಂಡು ಹುಲಿಯನ್ನು ಕರೆತಂದಿತು. ಅದೊಂದನ್ನು ಸರಿಮಾಡಲು ಬುಧವಾರದ ಬೆಳಗೆಲ್ಲ ಬೇಕಾಯಿತು.

ಕನಿಷ್ಠ ಒಂದು ಚೀಟಿಯಾದರೂ ಅಂಟಿಸು, ದಯವಿಟ್ಟು ಹೂಂ ಅನ್ನಿ ಅಂತ, ಎಂದು ಸೊಳ್ಳೆ ಗೋಗರೆದಳು. ಹುಡುಗಿ ಚೀಟಿ ಬರೆದಳು ಕೂಡ. ಬರೆದು, ಮಡಚಿ, ಜೇಬಿಗೆ ಹಾಕಿಕೊಂಡಳು.

ಗುರುವಾರ ಹೊರಗಿನಿಂದ ಬಂದ ಪರೀಕ್ಷಕರು ನೆರೆಗೂದಲಿನ, ದಣಿದ ಕಣ್ಣಿನ ಮನುಷ್ಯ. ಬೆಳಗಿನಿಂದ ಹನ್ನೊಂದು ಪರದೆ ಒತ್ತಿ ಬಂದಿದ್ದರು. ಬಟನ್ ಎಲ್ಲಿದೆ ಎಂದು ದಿಂಬನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಸುಮ್ಮನೆ ಮಡಿಲಿಗೆ ಒತ್ತಿಕೊಂಡರು. ಪಕ್ಕದಲ್ಲಿ ಗೈಡ್ ಮೇಡಂ ಪೆನ್ನು ಹಿಡಿದು ಕೂತಿದ್ದರು.

ದರ್ಜಿ ದೀಪ ಆರಿಸಿದ, ಅಂಗಡಿ ಮುಚ್ಚಿದ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಈ ಹೊತ್ತಲ್ಲಿ ಯಾರಪ್ಪಾ ಅಂತ ದರ್ಜಿ ಎದ್ದ, ಅಗುಳಿ ಸರಿಸಿದ, ಬಾಗಿಲು ತೆಗೆದ.

ದಿಂಬು ನಿಂತಿತು.

ಪರೀಕ್ಷಕರು ದಿಂಬು ನೋಡಿದರು, ಹುಡುಗಿಯನ್ನು ನೋಡಿದರು. ಮೇಡಂ ಮುಖದಲ್ಲಿ ಅಯ್ಯೋ ಕೆಟ್ಟಿತಲ್ಲ ಎಂಬ ಗೆರೆ ಮೂಡಿತು. ಹುಡುಗಿಯ ಕೈ ಜೇಬಿನೊಳಗಿನ ಚೀಟಿಯನ್ನು ಹಿಡಿದುಕೊಂಡಿತ್ತು. ಒಂದು ಮಾತು ಹೇಳಿದರೆ ಸಾಕು, ಒಂದು ವರ್ಷ ಉಳಿಯುತ್ತದೆ. ಆದರೆ ಹೇಳಿಬಿಟ್ಟರೆ ದಿಂಬಿಗೆ ಒಂದು ಬಟನ್ ಇಟ್ಟ ಹಾಗೆಯೇ ಆಯಿತು. ಚೀಟಿಯನ್ನು ಜೇಬಿನಲ್ಲೇ ಮುದುಡಿ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ಒಂದು ಮೋಡ ನಿಧಾನಕ್ಕೆ ಎದುರು ಕಟ್ಟಡದ ನೀರಿನ ಟ್ಯಾಂಕಿನ ಹಿಂದೆ ಹೋಯಿತು, ಆಚೆ ಕಡೆಯಿಂದ ಬಂತು.

ಪರೀಕ್ಷಕರು ನಿಟ್ಟುಸಿರಿಟ್ಟು ಅಂಕದ ಹಾಳೆ ಎಳೆದುಕೊಂಡರು. ದಿಂಬು ಮಡಿಲಲ್ಲೇ ಇತ್ತು. ಏನೋ ಬರೆಯಲು ಹೋಗಿ ಪೆನ್ನು ನಡುವೆಯೇ ನಿಂತಿತು. ಅವರ ಗಮನ ಹಾಳೆಯ ಮೇಲಿರಲಿಲ್ಲ, ಇನ್ನೂ ತೆರೆದೇ ಇದ್ದ ಆ ಬಾಗಿಲ ಬಳಿ ಇತ್ತು.

"ಹೂಂ," ಎಂದರು, ಯಾರಿಗೂ ಅಲ್ಲದ ಹಾಗೆ.

"ಹೂಂ ಅಂದ್ಯಾ," ಎಂದಿತು ದಿಂಬು, ಅಜ್ಜಿಯ ದನಿಯಲ್ಲಿ, "ಬಾಗಿಲಲ್ಲಿ ಒಂದು ಹುಡುಗಿ. ಅವಳಿಗೆ ನೆರಳೇ ಇಲ್ಲ."

ಪರೀಕ್ಷಕರ ಬೆನ್ನು ನೆಟ್ಟಗಾಯಿತು. ಮುಂದಿನ ನಿಲುಗಡೆಯಲ್ಲಿ ಬಂದ ಹೂಂ ಗಟ್ಟಿಯಾಗಿತ್ತು, ಹುಲಿ ಬಂತು. ಅದರ ಮುಂದಿನದು ಇನ್ನೂ ಗಟ್ಟಿ. ಆಮೇಲಾಮೇಲೆ ಅವರ ಭುಜ ಇಳಿಯಿತು, ತಲೆ ಕುರ್ಚಿಗೆ ಒರಗಿತು, ಹೂಂ ತೆಳ್ಳಗಾಯಿತು. ದಿಂಬು ದರ್ಜಿಗೂ ಹುಲಿಗೂ ಹಾಸಿಗೆ ಹಾಸಿ ಮೆಲ್ಲಗೆ ದನಿ ತಗ್ಗಿಸಿತು. ಮೇಡಂ ಕೆಮ್ಮಿದಾಗಲೇ ಅವರಿಗೆ ಎಚ್ಚರ.

"ನೆರಳಿಲ್ಲದ ಹುಡುಗಿಗೆ ಕೊನೆಗೆ ನೆರಳು ಸಿಕ್ತೇನಮ್ಮ?"

"ಗೊತ್ತಿಲ್ಲ ಸರ್. ಅಷ್ಟು ಹೊತ್ತಿಗೆ ನಾನು ಯಾವಾಗ್ಲೂ ನಿದ್ದೆ ಹೋಗಿರ್ತಿದ್ದೆ."

ಗೈಡ್ ಮೇಡಂ ನಕ್ಕದ್ದನ್ನು ಆ ಕಾಲೇಜಿನಲ್ಲಿ ಕಂಡವರು ಕಡಿಮೆ. ಅವತ್ತು ಸೊಳ್ಳೆ ಬಾಗಿಲ ಸಂದಿಯಿಂದ ಕಂಡಳಂತೆ. ಅಂಕದ ಹಾಳೆಯನ್ನು ಮೇಡಂ ತಾವೇ ತಿರುಗಿಸಿ ಹುಡುಗಿಗೆ ತೋರಿಸಿದರು, ಮುಂದಿನ ವರ್ಷ ನಿನ್ನ ಮುಖ ಇಲ್ಲಿ ಕಾಣಬಾರದು ಎಂದರು.

ಮನೆಯಲ್ಲಿ ಅಜ್ಜಿ ಅದೇ ಕುರ್ಚಿಯಲ್ಲಿದ್ದಳು. ಹುಡುಗಿ ಕಾಲ ಬಳಿ ಕೂತು, ಪರೀಕ್ಷಕರ ನೆರೆಗೂದಲಿನಿಂದ ಶುರುಮಾಡಿ, ಬಾಗಿಲು ತೆರೆದು ದಿಂಬು ನಿಂತಲ್ಲಿಗೆ ಬಂದು ತಾನೂ ನಿಲ್ಲಿಸಿದಳು.

"ಹೂಂ," ಎಂದಳು ಅಜ್ಜಿ.

ಹುಡುಗಿ ಮುಂದುವರಿಸಿದಳು. ಮೋಡವನ್ನು ಸ್ವಲ್ಪ ದೊಡ್ಡದು ಮಾಡಿದಳು, ಮೌನವನ್ನು ಅರ್ಧ ಗಂಟೆಗೆ ಎಳೆದಳು. ಅಜ್ಜಿಯ ಹೂಂ ಒಂದೊಂದಾಗಿ ಸಣ್ಣದಾಗುತ್ತಾ ಬಂತು. ಅಂಕದ ಹಾಳೆಯ ವಿಷಯ ಇನ್ನೂ ಬಾಕಿಯಿತ್ತು. ಅವಳು ಅದನ್ನು ಬೆಳಗ್ಗೆಗೆ ಬಿಟ್ಟು, ಪರೀಕ್ಷಕರಿಗೆ ಒಂದು ಹಾಸಿಗೆ ಹಾಸಿದಳು.