ಗುರುತು ಬೀಳದ ರೆಕ್ಕೆ

ಗಾಳಿಯಂತ್ರದ ರೆಕ್ಕೆಯೊಂದು ಷೆಡ್ಡಿನ ಉದ್ದಕ್ಕೂ ಮಲಗಿತ್ತು. ಪರೀಕ್ಷಕ ಅದನ್ನು ಬುಡದಿಂದ ತುದಿಯವರೆಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ಆಲಿಸಿದ. ಒಳಪದರಗಳು ಅಂಟಿಕೊಂಡಿದ್ದರೆ ಸದ್ದು ಟಣ್ಣೆನ್ನುತ್ತದೆ, ಬಿಟ್ಟುಕೊಂಡಿದ್ದರೆ ದಬ್ಬೆನ್ನುತ್ತದೆ. ದಬ್ಬೆಂದ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು. ಈ ರೆಕ್ಕೆಯ ಮೇಲೆ ಒಂದು ಗುರುತೂ ಬಿದ್ದಿರಲಿಲ್ಲ.

"ಏನ್ ಮಾವ, ಸೀಮೆಸುಣ್ಣ ಉಳಿಸ್ತಿದ್ದೀರಾ?" ಎಂದ ಅಳಿಯ. ಅದೇ ಷೆಡ್ಡಿನಲ್ಲಿ ಅವನು ರೆಕ್ಕೆಗಳಿಗೆ ಬಣ್ಣ ಹೊಡೆಯುತ್ತಿದ್ದ.

ಮಾವ ನಗಲಿಲ್ಲ. ಗುರುತೇ ಬೀಳದ ರೆಕ್ಕೆಯನ್ನು ಅವನು ಎಂದೂ ಕಂಡಿರಲಿಲ್ಲ. ಕಪಾಟಿನಿಂದ ಮಾದರಿ ತುಂಡನ್ನು ತೆಗೆದ. ಅದರ ಅರ್ಧ ಗಟ್ಟಿ, ಇನ್ನರ್ಧ ಬೇಕೆಂದೇ ಮಾಡಿದ ಟೊಳ್ಳು. ದಿನದ ಕೆಲಸಕ್ಕೆ ಮೊದಲು ಅದನ್ನು ತಟ್ಟಿ ಕಿವಿಯನ್ನು ಪರೀಕ್ಷಿಸಿಕೊಳ್ಳಬೇಕೆಂಬುದು ನಿಯಮ. ಕಿವಿ ಪಳಗಿದೆಯೆಂದು ಅವನು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ತುಂಡಿನ ಮೇಲೆ ಧೂಳು ಕೂತಿತ್ತು.

ಎರಡೂ ಕಡೆ ತಟ್ಟಿದ. ಎರಡೂ ಒಂದೇ.

"ಬೇರೆ ಬೇರೆ ಕೇಳಿಸುತ್ತಾ ನಿಮಗೆ?"

"ಮಡಕೆಗೂ ಬಂಡೆಗೂ ಇರೋಷ್ಟು ವ್ಯತ್ಯಾಸ ಇದೆ. ತಮಾಷೆ ಮಾಡ್ತೀರಾ ಮಾವ?"

ಪರೀಕ್ಷಕ ನೇರವಾಗಿ ಮ್ಯಾನೇಜರನ ಬಳಿಗೆ ಹೋದ.

"ನಾನು ಪಾಸು ಮಾಡಿದ ಯಂತ್ರಗಳನ್ನೆಲ್ಲ ನಿಲ್ಲಿಸಿ ಸಾರ್. ನನ್ನ ಕಿವಿ ಹೋಗಿದೆ."

"ಯಾವಾಗಿಂದ?"

"ಅದೇ ಗೊತ್ತಿಲ್ಲ."

"ಗುಡ್ಡದ ಮೇಲಿರೋದೆಲ್ಲ ನೀವು ಪಾಸು ಮಾಡಿದ್ದೇ. ಗಾಳಿಗೆ ರಜೆ ಕೊಡಲಾ? ಅಲ್ಟ್ರಾಸೌಂಡ್ ಯಂತ್ರ ತರಿಸ್ತೀನಿ, ಒಂದೊಂದಾಗಿ ನೋಡೋಣ. ಅಲ್ಲೀವರೆಗೆ ತಿರುಗ್ಲಿ. ನಾಳೆಯಿಂದ ನೀವು ಬರಬೇಡಿ."

ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಅವನು ಹೊರಬಿದ್ದ.

ಮಗಳ ಮನೆ ಗುಡ್ಡದಡಿಯ ಕಾರ್ಮಿಕರ ಸಾಲುಮನೆಗಳಲ್ಲಿತ್ತು. ಗಾಳಿಯಂತ್ರಗಳ ಮೊದಲ ಗೋಪುರ ಹಿತ್ತಿಲಿಗೇ ಬಾಗಿದಂತೆ ಕಾಣುತ್ತಿತ್ತು. ಸಂಜೆ ಅವನು ಹೋದಾಗ ಮಗಳು ಕಿಟಕಿ ಮುಚ್ಚುತ್ತಿದ್ದಳು.

"ನೋಡಪ್ಪಾ ನಿನ್ನ ರೆಕ್ಕೆ, ಮೊನ್ನೆಯಿಂದ ಸಿಳ್ಳೆ ಹೊಡೀತಿದೆ, ಪೋಲಿ ಹುಡುಗನ ಹಾಗೆ."

ಪದರ ಬಾಯಿಬಿಟ್ಟ ಕಡೆ ಗಾಳಿ ನುಗ್ಗಿದರೆ ರೆಕ್ಕೆ ಸಿಳ್ಳೆ ಹೊಡೆಯುವುದುಂಟು. ಅವನು ಕಿಟಕಿ ತೆರೆದು ನಿಂತ. ಗಾಳಿಯ ಮೊರೆತವಷ್ಟೇ ಕೇಳಿಸಿತು.

"ಫೋನ್ ಮಾಡಿ ಮ್ಯಾನೇಜರಿಗೆ," ಎಂದ ಅಳಿಯನಿಗೆ.

ಅಳಿಯ ಮಾಡಿದ. "ಸಿಳ್ಳೆ ಹೊಡೀದಿರೋ ರೆಕ್ಕೆ ಯಾವುದು ಅಂತಾರೆ. ಯಂತ್ರ ಬಂದ ಮೇಲೆ ಇದನ್ನೇ ಮೊದಲು ನೋಡ್ತಾರಂತೆ."

"ಸಾಮಾನು ಕಟ್ಟಿ. ಅದು ಮುರಿದ್ರೆ ಇಲ್ಲೇ ಬೀಳೋದು. ಹೊರಡೋಣ."

"ನಾವು ಹೊರಡಬಹುದು ಮಾವ. ಈ ಸಾಲಿನವರನ್ನೆಲ್ಲ ಎಲ್ಲಿಗೆ ಹೊರಡಿಸ್ತೀರಿ?"

ಅವನು ಕಿಟಕಿಯಾಚೆ ತಿರುಗುತ್ತಿದ್ದ ರೆಕ್ಕೆಗಳನ್ನು ನೋಡಿದ. ಮಗಳ ಮುಖವನ್ನು ನೋಡಿದ. ಮೂರು ರೆಕ್ಕೆಗಳಲ್ಲಿ ಒಂದು ಕೆಳಗಿಳಿದಾಗ ಮಾತ್ರ ಅವಳ ಹುಬ್ಬು ಗಂಟಿಕ್ಕುತ್ತಿತ್ತು. ಉಳಿದೆರಡಕ್ಕೆ ಸಡಿಲಗೊಳ್ಳುತ್ತಿತ್ತು. ಮತ್ತೆ ಅದೇ ರೆಕ್ಕೆ ಇಳಿಯಿತು. ಹುಬ್ಬು ಗಂಟಿಕ್ಕಿತು. ಅವನಿಗೆ ಏನೂ ಕೇಳಿಸಲಿಲ್ಲ.