ಕಿಟಕಿಯ ಕೆಳಗಿನ ಮೂಲೆ

"ಎತ್ತಿ, ಎತ್ತಿ! ಎಳೀಬೇಡಿ, ನೆಲ ಗೀರುತ್ತೆ!"

ಮಗಳು ಕೂಗಿದ ರೀತಿಗೆ ಪೆಟ್ಟಿಗೆ ಹಿಡಿದಿದ್ದ ನಾಲ್ವರೂ ನಕ್ಕುಬಿಟ್ಟರು. ಥೇಟ್ ಅಪ್ಪನದೇ ಗದರಿಕೆ. ಆ ಅಪ್ಪ ನಡುಮನೆಯ ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅಂತಿಮ ದರ್ಶನಕ್ಕೆ ಬಂದವರಿಗೆ ಜಾಗ ಸಾಲದೆ, ಕಿಟಕಿಯ ಕೆಳಗಿದ್ದ ಮರದ ಪೆಟ್ಟಿಗೆಯನ್ನು ಹೊರಗೆ ಸಾಗಿಸುತ್ತಿದ್ದರು.

ಪೆಟ್ಟಿಗೆ ಹೋದ ಮೂಲೆಯಲ್ಲಿ ನಾಲ್ಕು ಉಂಗುರ ಕಂಡವು. ಲೋಟದ ತಳದಷ್ಟು ಅಗಲ, ಸಿಮೆಂಟಿನಲ್ಲಿ ಒತ್ತಿ ಮೂಡಿದವು.

"ಮಾಮ, ಅಪ್ಪ ಹಾಕಿದ ನೆಲದಲ್ಲಿ ಗುರುತಾ?"

ಮೂವತ್ತು ವರ್ಷ ಅಪ್ಪನ ಜೊತೆ ಗಾರೆ ಕೆಲಸ ಮಾಡಿದ ಕುಳ್ಳ ಮೇಸ್ತ್ರಿ ಬಗ್ಗಿ ನೋಡಿದ. ಅಳುತ್ತಿದ್ದವನ ಹಲ್ಲು ಕಂಡವು.

"ನಿಮ್ಮಮ್ಮನ್ನೇ ಕೇಳಮ್ಮ."

*

ಮಗಳದು ಪಾಲಿಶ್ ಕೆಲಸ. ಗಟ್ಟಿಯಾದ ಕಾಂಕ್ರೀಟನ್ನು ಮೆಷಿನ್ನಿನಿಂದ ಉಜ್ಜಿ, ಮೇಲಿನ ಪದರ ತೆಗೆದು, ಒಳಗಿನ ಜಲ್ಲಿ ಮಿಂಚುವಂತೆ ಮಾಡುತ್ತಾಳೆ. ಅಪ್ಪನದು ತದ್ವಿರುದ್ಧ: ನೆಲ ಹಸಿಯಿರುವಾಗಲೇ ಉಕ್ಕಿನ ಕರಣೆಯಿಂದ ತಿಕ್ಕಿ ತಿಕ್ಕಿ, ಆ ಮೇಲಿನ ಪದರಕ್ಕೇ ಹೊಳಪು ಬರಿಸುವುದು. ಊರಿನ ಅರ್ಧ ಅಂಗಡಿಗಳಿಗೆ ಅವಳೇ ಪಾಲಿಶ್ ಹಾಕಿದ್ದರೂ, ಸವೆದು ಮಂಕಾದ ಈ ನೆಲವನ್ನು ಮುಟ್ಟಲು ಅಪ್ಪ ಬಿಟ್ಟಿರಲಿಲ್ಲ.

"ಒಂದೇ ವಾರ ಅಪ್ಪ, ಕನ್ನಡಿ ಥರ ಮಾಡ್ಕೊಡ್ತೀನಿ."

"ನಿನ್ನ ಮೆಷಿನ್ ಇಲ್ಲಿಗೆ ಬೇಡ."

"ಯಾಕೆ, ನನ್ನ ಕೆಲಸ ಕೆಲಸ ಅಲ್ವಾ?"

ಅಪ್ಪ ಉತ್ತರ ಕೊಡದೆ ಹೋಗಿ ಆ ಪೆಟ್ಟಿಗೆಯ ಮೇಲೆ ಕೂತಿದ್ದ. ಹನ್ನೊಂದು ವರ್ಷದಿಂದ ಅವಳನ್ನು ಚುಚ್ಚುತ್ತಿದ್ದದ್ದು ಆ ಮೌನವೇ.

*

ಅಮ್ಮ ಕಣ್ಣೊರೆಸಿಕೊಂಡಳು.

"ಆಗ ಇದು ನಮ್ಮಪ್ಪನ ಮನೆ. ನೆಲ ಮಾಡೋಕೆ ಬಂದ ನಿಮ್ಮಪ್ಪ ಬಾಗಿಲಿಂದ ತಿಕ್ಕುತ್ತಾ ತಿಕ್ಕುತ್ತಾ ಬಂದು ಈ ಮೂಲೇಲಿ ಸಿಕ್ಕಿಹಾಕ್ಕೊಂಡ್ರು. ಒಣಗೋವರೆಗೂ ಕಾಲಿಡೋ ಹಾಗಿಲ್ಲ. ಪಾಪ ಅಂತ ಕಿಟಕಿ ಸರಳಿನ ಸಂದೀಲಿ ಚಹಾ ಕೊಟ್ಟೆ."

"ಅಲ್ಲ ಅತ್ತಿಗೆ, ಬಾಗಿಲಿಂದ ಶುರು ಮಾಡೋ ಮೇಸ್ತ್ರೀನ ಎಲ್ಲಾದ್ರೂ ಕಂಡಿದ್ದೀರಾ?" ಎಂದ ಕುಳ್ಳ. "ನಾನು ಅವತ್ತೇ ಬೈದೆ. 'ಸುಮ್ನಿರೋ ಕುಳ್ಳ, ಆ ಹುಡುಗಿ ಹೊಲಿಯೋಕೆ ಕೂರೋದು ಆ ಕಿಟಕಿ ಹತ್ರಾನೇ' ಅಂದ!"

"ನಂಗೊತ್ತಿರಲಿಲ್ವಾ? ಅದಕ್ಕೇ ನಾಲ್ಕು ಸಲ ಕೊಟ್ಟಿದ್ದು!"

ಸಾವಿನ ಮನೆ ಎಂಬುದನ್ನೂ ಮರೆತು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳು ಮಾತ್ರ ಉಂಗುರದ ಸುತ್ತ ಬೆರಳಾಡಿಸುತ್ತಿದ್ದಳು. ಮೆಷಿನ್ ಹಾಕಿದರೆ ಮೊದಲು ಹೋಗುವುದೇ ಈ ಪದರ.

"ನಂಗೊಂದು ಮಾತು ಹೇಳಬಾರದಿತ್ತಾ?"

"ಮೇಸ್ತ್ರಿ ಮಾಡಿದ ನೆಲದಲ್ಲಿ ಗುರುತು ಅಂದ್ರೆ ಮರ್ಯಾದೆ ಪ್ರಶ್ನೆ ಕಣಮ್ಮ," ಎಂದ ಕುಳ್ಳ. "ನೀನು ಪಾಲಿಶ್ ಹಾಕಿದ ಔಷಧಿ ಅಂಗಡಿ ನೆಲ ಇದೆಯಲ್ಲ, ಅದನ್ನ ನೋಡೋಕೆ ನನ್ನನ್ನ ಎಷ್ಟು ಸಲ ಎಳ್ಕೊಂಡು ಹೋಗಿದ್ನೋ! ಕೆನ್ನೆ ನೆಲಕ್ಕಿಟ್ಟು ಹೊಳಪು ನೋಡ್ತಿದ್ದ. ಒಂದ್ಸಲ, ಮುದುಕ ಬಿದ್ದೇಬಿಟ್ಟ ಅಂತ ಅಂಗಡಿಯೋನು ನೀರು ತಂದು ಮುಖಕ್ಕೆ ಎರಚಿದ."

ಬೆಳಗಿನಿಂದ ಅಳದಿದ್ದ ಮಗಳು ಈಗ ನಗುತ್ತಲೇ ಜೋರಾಗಿ ಅತ್ತಳು. ಹಗುರವಾಯಿತು.

*

ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಮನೆ ಖಾಲಿಯಾಯಿತು.

"ಉಳಿದಿದ್ದಕ್ಕೆಲ್ಲ ಮೆಷಿನ್ ಹಾಕು. ಮೂಲೆ ಒಂದನ್ನ ಬಿಡು," ಎಂದು ಹೇಳಿ ಅಮ್ಮ ಅಡುಗೆಮನೆಗೆ ಹೋದಳು.

ಮಗಳು ಮೂಲೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. ಗೆರೆ ಮುಗಿದಾಗ ಅವಳು ಅದರ ಒಳಗೇ ಕೂತಿದ್ದಳು.

ಹೊರಗಿನಿಂದ, ಕಿಟಕಿಯ ಸರಳುಗಳ ನಡುವೆ, ಅಮ್ಮನ ಕೈ ಲೋಟ ಹಿಡಿದು ಒಳಬಂತು. ಅವಳು ಚಹಾ ಇಸಿದುಕೊಂಡು, ಲೋಟವನ್ನು ಮೊದಲ ಉಂಗುರದಲ್ಲಿ ಇಟ್ಟಳು.