ಬೆರಳದ್ದಿ ನೋಡಿದ ಅಂಟು

ಗಿಟಾರಿನ ಹೊಟ್ಟೆಯೊಳಗೆ ಅಂಟಿಸುವ ಚೀಟಿಯಲ್ಲಿ ಇನ್ನು ಮುಂದೆ ಯಾರ ಹೆಸರು ಅಚ್ಚಾಗಬೇಕು? ಆ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಆದರೆ ಊಟಕ್ಕೆ ಕೂತಾಗಲೂ ಎಲ್ಲರೂ ಇದನ್ನೇ ಮೆಲುಕು ಹಾಕುತ್ತಿದ್ದರು. ಕೈಯಲ್ಲಿರುವ ಗಿಟಾರು ಮುಗಿದ ದಿನ ಉಳಿ ಕೆಳಗಿಡುತ್ತೇನೆ, ಯಾರ ಹೆಸರು ಅಂತ ಅವತ್ತೇ ಹೇಳುತ್ತೇನೆ ಎಂದು ಅಪ್ಪ ಸಾರಿಬಿಟ್ಟಿದ್ದರು. ಉಮೇದುವಾರರು ಇಬ್ಬರೇ. ಒಬ್ಬಳು ಮಗಳು. ಸಂಬಂಧ ಗಿಂಬಂಧ ಎಂದು ಬಂದವರನ್ನೆಲ್ಲ ಬಾಗಿಲಿಂದಲೇ ಸಾಗಹಾಕಿ, ಅದೇ ಮೇಜಿನ ಮುಂದೆ ಬೆನ್ನು ಬಗ್ಗಿಸಿ ತಲೆ ನರೆಸಿಕೊಂಡವಳು. ಇನ್ನೊಬ್ಬ ಅವಳ ತಮ್ಮ. ಮೆರುಗೆಣ್ಣೆ ಬಳಿಯುವುದರಲ್ಲಿ ನಿಸ್ಸೀಮ, 'ಹೂಂ ಅಪ್ಪಾ' ಅನ್ನುವುದರಲ್ಲಿ ಅದಕ್ಕಿಂತಲೂ ನಿಸ್ಸೀಮ. ಕೆಲಸ ನೋಡಿ ಕೊಡುವುದಾದರೆ ಕೇಳುವುದೇ ಬೇಕಾಗಿರಲಿಲ್ಲ. ಅಕ್ಕನಿಗೆ ಆ ಚೀಟಿ ಬೇಕಿತ್ತು, ಹೊಟ್ಟೆ ಹಸಿದಷ್ಟು ಬೇಕಿತ್ತು. ಬಾಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಅಪ್ಪನ ಮಟ್ಟಿಗೆ ಪ್ರಪಂಚದಲ್ಲಿ ಎರಡೇ ಬಗೆಯ ಅಂಟು. ಒಂದು, ಪ್ರಾಣಿಯ ತೊಗಲಿನಿಂದ ತೆಗೆದ ಚರ್ಮದಂಟು. ಇನ್ನೊಂದು, ಉಳಿದ ಕಸ. ಚರ್ಮದಂಟು ಒಣಗಿದರೆ ಗಾಜಿನಷ್ಟು ಗಟ್ಟಿ, ಮರಕ್ಕೂ ಮರಕ್ಕೂ ನಡುವೆ ತಾನಿದ್ದೇನೆ ಎಂದು ತೋರಿಸಿಕೊಳ್ಳುವುದಿಲ್ಲ, ನಾದ ನುಂಗುವುದಿಲ್ಲ. ನಾಳೆ ಯಾರಾದರೂ ರಿಪೇರಿಗೆ ಬಿಚ್ಚಬೇಕೆಂದರೆ ಸ್ವಲ್ಪ ಬಿಸಿ, ಸ್ವಲ್ಪ ಹಬೆ ತೋರಿಸಿದರೆ ಮರ್ಯಾದೆಯಿಂದ ಬಿಟ್ಟುಕೊಡುತ್ತದೆ. ಬಾಟಲಿಯಲ್ಲಿ ಬರುವ ಹಳದಿ ಅಂಟು ಸೋಮಾರಿ, ತಂತಿ ಎಳೆದ ಕಡೆಗೆ ದಿನದಿನಕ್ಕೂ ಕೂದಲೆಳೆಯಷ್ಟು ಜಾರುತ್ತದೆ. ಎರಡು ಟ್ಯೂಬು ಕಲಸುವ ಅಂಟಂತೂ ಹಿಡಿದರೆ ಉಡದ ಹಿಡಿತ, ಮರ ಸೀಳಬೇಕೇ ಹೊರತು ಬಿಡದು. ಹಳದಿ ಅಂಟಿನ ಬಾಟಲಿ ತಂದ ಶಿಷ್ಯನೊಬ್ಬನನ್ನು ಅಪ್ಪ ಅದೇ ಬಾಟಲಿಯ ಸಮೇತ ಬೀದಿಗೆ ಹಾಕಿದ್ದುಂಟು.

ಅವರ ಮಾತಿನಲ್ಲಿ ಬಹುಪಾಲು ನಿಜವೇ. ಆದರೆ ಚರ್ಮದಂಟಿಗೂ ಒಂದು ಚಾಳಿ ಇದೆ, ಕುದಿಸಿದರೆ ಅದು ಸತ್ತುಹೋಗುತ್ತದೆ. ನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಹದವಾಗಿ ಕಾಯಿಸಬೇಕು. ಕುದಿ ಕಂಡ ಅಂಟು ನೋಡುವುದಕ್ಕೆ ಮೊದಲಿನ ಹಾಗೇ ಇರುತ್ತದೆ, ಎಳೆ ಬರುತ್ತದೆ, ಕೈಗೆ ಮೆತ್ತುತ್ತದೆ, ಮರವನ್ನು ಮಾತ್ರ ಹಿಡಿಯುವುದಿಲ್ಲ. ಆ ಹದವನ್ನು ಅಪ್ಪ ಅಳೆಯುತ್ತಿದ್ದದ್ದು ತೋರುಬೆರಳಿನಲ್ಲಿ. ಅದ್ದಿ, ಕಣ್ಣು ಕಿರಿದು ಮಾಡಿ, 'ಹ್ಞಾಂ' ಅಂದರೆ ಅಂಟು ಸಿದ್ಧ.

ಆ ಬೆರಳಿಗೆ ಜೀವವಿಲ್ಲ ಎಂದು ಅಕ್ಕನಿಗೆ ತಿಳಿದದ್ದು ಊಟದ ಹೊತ್ತಿನಲ್ಲಿ. ಅಪ್ಪ ನೀರಿನ ಲೋಟ ಎತ್ತಿದಾಗ ಬೆರಳ ತುದಿಯಲ್ಲಿ ಬಟಾಣಿ ಗಾತ್ರದ ಬೊಬ್ಬೆ.

"ಯಾವಾಗ ಸುಟ್ಕೊಂಡ್ರಿ?"

"ಎಲ್ಲಿ?" ಎಂದು ಅಪ್ಪ ಬೆರಳು ತಿರುಗಿಸಿ ನೋಡಿದರು, ಬೇರೆ ಯಾರದೋ ಬೆರಳು ನೋಡಿದ ಹಾಗೆ. "ಏನೋ ತಾಗಿರ್ಬೇಕು ಬಿಡು."

ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಸ್ಪರ್ಶ ಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು, ಬೆರಳಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಹಿಂದಿನ ತಿಂಗಳು ಎರಡು ಗಿಟಾರು, ಹಲಗೆಗೆ ಒಳಗಿನಿಂದ ಆಧಾರ ಕೊಡುವ ಮರದ ಪಟ್ಟಿ ಕಳಚಿಕೊಂಡು ವಾಪಸ್ಸು ಬಂದದ್ದು ಏಕೆಂದು ಅಕ್ಕನಿಗೆ ಆಗ ಹೊಳೆಯಿತು. ಅಪ್ಪ ಮೊದಲು ಹವೆಯನ್ನು ಬೈದಿದ್ದರು, ಆಮೇಲೆ ಗಿರಾಕಿಯ ಕಾರನ್ನು, ಕೊನೆಗೆ ಮರವನ್ನು. ಅಂಟಿನ ತಂಟೆಗೆ ಹೋಗಿರಲಿಲ್ಲ.

ಅವಳು ಮರುದಿನವೇ ಶಾಖ ಅಳೆಯುವ ಕಡ್ಡಿ ತಂದು ಡಬ್ಬಿಯ ಪಕ್ಕದಲ್ಲಿಟ್ಟಳು.

"ಜ್ವರ ಬಂದಿರೋದು ಅಂಟಿಗೋ ನನಗೋ?" ಎಂದರು ಅಪ್ಪ.

"ಕುದೀತಿದೆ ಅಪ್ಪಾ. ನಿಮಗೆ ಗೊತ್ತಾಗ್ತಿಲ್ಲ."

"ನಂಗೆ ಗೊತ್ತಾಗ್ತಿಲ್ವಾ? ನೀನು ತೊಟ್ಟಿಲಲ್ಲಿ ಇದ್ದಾಗಿಂದ ಕಾಯಿಸ್ತಿದೀನಿ."

ಕಡ್ಡಿ ಕಿಟಕಿಯಿಂದ ಹೊರಗೆ ಹೋಯಿತು. ಅಪ್ಪ ಒಂದು ವಾರ ಅವಳ ಜೊತೆ ಮಾತು ಬಿಟ್ಟರು. ನೀರಲ್ಲಿ ಕರಗಿಸಿ ಚರ್ಮದಂಟು ಕಾಯಿಸುವ ಹರಳಿನ ಚೀಲ ಅವರ ಕೋಣೆಯ ಕಪಾಟಿಗೆ ಸೇರಿತು, ಕೀಲಿ ಸೊಂಟಕ್ಕೆ.

ಇನ್ನೇನು ಮಾಡುತ್ತಾಳೆ? ಎದುರಾಡಿ ನೋಡಿದ್ದಾಯಿತು. ಕೈಕಟ್ಟಿ ಕೂರುವಂತಿರಲಿಲ್ಲ, ಯಾಕೆಂದರೆ ಈಗ ಮೇಜಿನ ಮೇಲಿದ್ದದ್ದು ಅಪ್ಪನ ಕೊನೆಯ ಗಿಟಾರು, ಊರೂರು ಸುತ್ತಿ ಕಛೇರಿ ಕೊಡುವ ವಾದಕಿಯೊಬ್ಬಳಿಗೆ. ಅದು ತುಂಬಿದ ಸಭೆಯಲ್ಲಿ ಕಳಚಿಕೊಂಡರೆ ಅಪ್ಪನ ಇಡೀ ಆಯಸ್ಸಿನ ಹೆಸರು ಮಣ್ಣುಪಾಲು. ಹಾಗಾಗಿ ಅಪ್ಪ ಬೆಳಿಗ್ಗೆ ಅಂಟು ಹಚ್ಚಿ, ಅದು ಒಣಗುವವರೆಗೆ ಒತ್ತಿ ಹಿಡಿಯುವ ಕ್ಲಾಂಪು ಬಿಗಿದು, ಮಧ್ಯಾಹ್ನ ಊಟ ಮಾಡಿ ಮಲಗಿದ ಮೇಲೆ ಅಕ್ಕ ಮೆಲ್ಲಗೆ ಕ್ಲಾಂಪು ಬಿಚ್ಚುತ್ತಿದ್ದಳು. ತೆಳುವಾದ ಚಾಕು ತೂರಿಸಿದರೆ ಪಟ್ಟಿ ಮಾತೇ ಆಡದೆ ಎದ್ದು ಬರುತ್ತಿತ್ತು. ಸತ್ತ ಅಂಟನ್ನು ಬಿಸಿನೀರಿನಲ್ಲಿ ತೊಳೆದು, ಕೆರೆದು, ತಮ್ಮನ ಹೆಂಡತಿ ಕೂದಲು ಒಣಗಿಸುವ ಯಂತ್ರದಿಂದ ಮರವನ್ನು ಒಣಗಿಸಿ, ಮರದ ಹೊಟ್ಟಿನ ಮೂಟೆಯ ಹಿಂದೆ ಬಚ್ಚಿಟ್ಟ ಹಳದಿ ಅಂಟನ್ನು ತೆಳ್ಳಗೆ ಬಳಿದು, ಕ್ಲಾಂಪುಗಳನ್ನು ಅಪ್ಪ ಬಿಗಿದ ಜಾಗದಲ್ಲೇ ಮತ್ತೆ ಬಿಗಿಯುತ್ತಿದ್ದಳು. ಅಪ್ಪ ಎದ್ದು ಬಂದು ನೋಡಿದರೆ ಎಲ್ಲ ಇದ್ದಲ್ಲೇ. ತೆಳುಪಟ್ಟಿಗಳಿಗೆ ಆ ಅಂಟು ಏನೂ ಕಮ್ಮಿಯಿಲ್ಲ, ಸರಿಯಾಗಿ ಹಚ್ಚಿದರೆ ಜಾರುವುದೂ ಇಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಪ್ರತಿ ಸಲ ಬಾಟಲಿಯ ಮುಚ್ಚಳ ತಿರುಗಿಸುವಾಗ ಅವಳಿಗೆ ಕಳ್ಳತನಕ್ಕೆ ಇಳಿದಷ್ಟು ನಾಚಿಕೆಯಾಗುತ್ತಿತ್ತು.

ಒಮ್ಮೆ ತಮ್ಮ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಅಪ್ಪನ ಅಂಟು ಹಿಡೀತಿಲ್ಲ ಕಣೋ" ಎಂದಳು. "ಬಾಯಿ ಬಿಡ್ಬೇಡ, ಎದೆ ಒಡ್ಕೊಂಡು ಸಾಯ್ತಾರೆ."

"ನಾನ್ಯಾಕೆ ಬಿಡ್ಲಿ?" ಎಂದ ತಮ್ಮ. ಮಾತು ಉಳಿಸಿಕೊಂಡ, ಪಾಪ. ಅವನನ್ನು ಆ ವಿಷಯದಲ್ಲಿ ಬೈಯುವಂತಿಲ್ಲ.

ಗಿಟಾರು ಮುಗಿಯಿತು. ವಾದಕಿ ಬಂದಳು. ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಒಂದು ತಂತಿ ಮೀಟಿದಳು, ಆಮೇಲೆ ಎಲ್ಲವನ್ನೂ. ನುಡಿಸುತ್ತ ನುಡಿಸುತ್ತ ಅವಳ ಕಣ್ಣು ಒದ್ದೆಯಾಯಿತು. "ಇಂಥದ್ದು ನಾನು ಕೇಳೇ ಇಲ್ಲ" ಎಂದಳು. ಅಕ್ಕನ ಎದೆ ಉಬ್ಬಿ ಬಂತು. ಆ ಪಟ್ಟಿಗಳಲ್ಲಿ ಒಂದೊಂದನ್ನೂ ಬಿಚ್ಚಿ ಎರಡನೇ ಸಲ ಕೂರಿಸಿದವಳು ಅವಳೇ.

"ಅಂಟು ಕಣಮ್ಮಾ, ಅಂಟು" ಎಂದರು ಅಪ್ಪ ಮೀಸೆ ತೀಡಿಕೊಳ್ಳುತ್ತ. "ಮರ ಎಲ್ಲರ ಹತ್ರಾನೂ ಇರುತ್ತೆ. ಹದ ಇರೋದು ಇಲ್ಲಿ" ಎಂದು ತೋರುಬೆರಳು ಎತ್ತಿ ತೋರಿಸಿದರು. ಹಳೆಯ ಬೊಬ್ಬೆ ಮಾಗಿ ಅದರ ಪಕ್ಕದಲ್ಲಿ ಹೊಸದು ಎದ್ದಿತ್ತು.

ಆಮೇಲೆ ಅವರು ಮೇಜಿನ ಕೆಳಗೆ ಬಗ್ಗಿ ಹಳದಿ ಬಾಟಲಿಯನ್ನು ತೆಗೆದು ಎಲ್ಲರೆದುರು ಇಟ್ಟರು. ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

"ಹೊಟ್ಟಿನ ಮೂಟೆ ಸರಿಸಿದಾಗ ಸಿಕ್ತು. ಯಾರದು ಅಂತ ಕೇಳಲ್ಲ, ನನಗೆ ಗೊತ್ತು." ದನಿ ಏರಿಸಲಿಲ್ಲ. ಏರಿಸಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. "ನನ್ನ ಮಗಳ ಕೈ ಚೆನ್ನಾಗಿದೆ. ನನಗಿಂತ ಚೆನ್ನಾಗಿದೆ ಅಂತ ನಾನೇ ಹೇಳ್ತೀನಿ. ಆದ್ರೆ ಕಳ್ಳದಾರಿ ಹಿಡಿದಿದಾಳೆ. ಅವಳ ಪಾಲಿಗೆ ಬಿಟ್ಟ ಬೇರೆ ಗಿಟಾರಿಗೆಲ್ಲ ಇದೇ ಕಸ ಹಾಕಿದಾಳೆ. ಚೀಟೀಲಿ ಇನ್ಮೇಲೆ ಮಗನ ಹೆಸರು."

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡಿದ. ಅವಳು ಬಾಯಿ ತೆರೆದಳು ಕೂಡ. ಆ ಗಿಟಾರಿನೊಳಗೆ ನಿಮ್ಮ ಅಂಟು ಒಂದು ತೊಟ್ಟೂ ಇಲ್ಲ ಅನ್ನುವಷ್ಟೇ ಮಾತು, ಒಂದೇ ಉಸಿರಿನದು. ಆದರೆ ವಾದಕಿ ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಅಪ್ಪ ಮತ್ತೆ ಆ ಬೆರಳು ಎತ್ತಿಕೊಂಡು ನಿಂತಿದ್ದರು. ಆ ಮಾತು ಆಡಿದರೆ ಅವಳಿಗೆ ಚೀಟಿ ಸಿಗಬಹುದಿತ್ತು, ಅಪ್ಪನಿಗೆ ಏನೂ ಉಳಿಯುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿದಳು. ಇದನ್ನು ತ್ಯಾಗ ಗೀಗ ಎಂದು ಹೊಗಳುವವರು ಹೊಗಳಿಕೊಳ್ಳಲಿ, ಅವಳು ಮನಸ್ಸಿನಲ್ಲೇ ಅಪ್ಪನನ್ನೂ ತಮ್ಮನನ್ನೂ ಶಪಿಸುತ್ತಿದ್ದಳು.

ವಾದಕಿ ಹೋದ ಮೇಲೆ ಹಿತ್ತಲಲ್ಲಿ ತಮ್ಮನನ್ನು ಹಿಡಿದಳು.

"ನೀನು ನೋಡಿದ್ದೆ."

"ಬಾಯಿ ಬಿಡ್ಬೇಡ ಅಂದಿದ್ದು ನೀನೇ ಅಲ್ವಾ ಅಕ್ಕಾ?"

ಅವಳಿಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಬಾರಿಸಲಿಲ್ಲ. ಅವನು ಒಳಗೆ ಹೋಗಿ ಚೀಟಿ ಅಚ್ಚು ಹಾಕುವವನಿಗೆ ಫೋನು ಮಾಡಿದ.

ಅಪ್ಪ ಉಳಿ ಕೆಳಗಿಟ್ಟರು, ಅಂಟಿನ ಡಬ್ಬಿಯನ್ನು ಇಡಲಿಲ್ಲ. ಮಗನ ಮೊದಲ ಗಿಟಾರಿಗೆ ಅಂಟು ತಾವೇ ಕಾಯಿಸುತ್ತೇನೆಂದು ಒಲೆ ಮುಂದೆ ಕೂತರು. ಡಬ್ಬಿಯಲ್ಲಿ ಅಂಟು ಕುದಿಯುವ ಗುಳುಗುಳು ಸದ್ದು ಅಕ್ಕನ ಮೇಜಿನವರೆಗೂ ಕೇಳುತ್ತಿತ್ತು. ಅಪ್ಪ ಬೆರಳದ್ದಿ 'ಹ್ಞಾಂ' ಅಂದರು. ತಮ್ಮ 'ಹೂಂ ಅಪ್ಪಾ' ಅಂದು ಅಂಟು ಹಚ್ಚಿ ಪಟ್ಟಿ ಕೂರಿಸಿ ಕ್ಲಾಂಪು ಬಿಗಿದ. ಆಮೇಲೆ ಏನೋ ಹುಡುಕುವವನ ಹಾಗೆ ಅಕ್ಕನ ಮೇಜಿನ ಹತ್ತಿರ ಬಂದು ಬಗ್ಗಿದ.

"ಅಕ್ಕಾ, ಆ ಹಳದೀದು ಯಾವ ಅಂಗಡೀಲಿ ತರ್ತಿದ್ದೆ?"

ಅವನ ಮುಖದಲ್ಲಿ ನಾಚಿಕೆ ಇದೆಯೇ ಎಂದು ಅವಳು ಹುಡುಕಿದಳು. ಇದ್ದದ್ದು ಅವಸರ ಮಾತ್ರ. ಹೇಳದೆ ಇದ್ದುಬಿಡಬಹುದಿತ್ತು. ಗಿಟಾರು ಕಳಚಿಕೊಳ್ಳಲಿ, ಅವನ ಹೆಸರಿನ ಚೀಟಿಯ ಸಮೇತ ಬೀಳಲಿ. ಆದರೆ ಹಿಡಿಯದ ಅಂಟಿನ ಮೇಲೆ ಒಳ್ಳೆಯ ಮರ ಕೂತಿರುವುದನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಕೈಗೆ ಬಾರದ ವಿದ್ಯೆ. ಅಂಗಡಿ ಹೇಳಿದಳು. "ಅಪ್ಪ ಮಲಗಿದ ಮೇಲೆ ಬಿಚ್ಚು. ಹಳೇದನ್ನ ಬಿಸಿನೀರಲ್ಲಿ ಪೂರ್ತಿ ತೊಳಿ, ಚೂರು ಉಳಿದ್ರೂ ಹಿಡಿಯಲ್ಲ" ಎಂದೂ ಹೇಳಿದಳು.

"ಏನೋ ಅದು ಗುಸುಗುಸು?" ಒಲೆಯ ಕಡೆಯಿಂದ ಅಪ್ಪ ಕೂಗಿದರು. "ಅಂಟಿನ ವಿಚಾರ ಅವಳ ಹತ್ರ ಕೇಳ್ಬೇಡ. ಇರೋ ಬುದ್ಧೀನೂ ಕೆಟ್ಟೋಗುತ್ತೆ."

"ಇಲ್ಲಪ್ಪಾ, ಮರಳು ಕಾಗದ ಕೇಳ್ತಿದ್ದೆ" ಎಂದ ತಮ್ಮ.

ಅಕ್ಕ ಮರಳು ಕಾಗದದ ಒಂದು ಹಾಳೆ ಎತ್ತಿ, ಅಪ್ಪನಿಗೆ ಕಾಣುವ ಹಾಗೆ, ಅವನ ಕೈಗೆ ಕೊಟ್ಟಳು.